ದೊಡ್ಡಮ್ಮ ಉಸಿರು ತೆಗೆದುಕೊಳ್ಳುವ ಜಾಗ

ದೊಡ್ಡಮ್ಮ ಅರ್ಧ ಬ್ಲೇಡಿನ ಮೂಲೆಯಿಂದ ಗೌನಿನ ಅಂಚಿನ ಹೊಲಿಗೆ ಬಿಚ್ಚುತ್ತಿದ್ದಳು. ಎದುರಿಗೆ ಕೂತ ಹಂಸ ಬಟ್ಟೆಯನ್ನು ಎರಡು ಕೈಯಲ್ಲೂ ಎಳೆದು ಹಿಡಿದಿದ್ದಳು. ಒಂದಷ್ಟು ಬಿಚ್ಚಿದ ಮೇಲೆ ದೊಡ್ಡಮ್ಮ ತುಂಡುದಾರಗಳನ್ನು ಉಗುರಿನಿಂದ ಹೆಕ್ಕಿ ತಟ್ಟೆಗೆ ಹಾಕುವಳು, ಹಂಸ ಹಿಡಿತವನ್ನು ಮುಂದಕ್ಕೆ ಸರಿಸುವಳು. ಮರೂನ್ ಗೌನು ಒಗೆದೂ ಒಗೆದೂ ಇಟ್ಟಿಗೆ ಬಣ್ಣಕ್ಕೆ ತಿರುಗಿತ್ತು. ಮಡಿಕೆಯೊಳಗೆ ಇಷ್ಟು ವರ್ಷ ಅಡಗಿದ್ದ ಪಟ್ಟಿ ಮಾತ್ರ ನಿನ್ನೆ ಅಂಗಡಿಯಿಂದ ತಂದ ಬಟ್ಟೆಯ ಹಾಗೆ ಗಾಢವಾಗಿ ಹೊರಗೆ ಬರುತ್ತಿತ್ತು. ಕ್ವಾಯರಿನಲ್ಲಿ ಹಾಡುವವರ ಗೌನು ಇದು, ದೊಡ್ಡಮ್ಮನದು. ನಾಳೆ ಇದನ್ನು ಪದ್ಮಶ್ರೀ ಹಾಕಿಕೊಳ್ಳುತ್ತಾಳೆ. ಪದ್ಮಶ್ರೀ ಎತ್ತರದ ಹುಡುಗಿ, ಅದಕ್ಕೇ ಉದ್ದ ಬಿಡಬೇಕು. ಎಷ್ಟು ಒಗೆದರೂ ಇಸ್ತ್ರಿ ಮಾಡಿದರೂ ಆ ಗಾಢ ಪಟ್ಟಿ ಕಾಲಿನ ಹತ್ತಿರ ಹಾಗೇ ಕಾಣುತ್ತದೆ, ಈ ಗೌನು ಇವಳಿಗಿಂತ ಕುಳ್ಳಗಿದ್ದ ಯಾರದ್ದೋ ಎಂದು ಇಡೀ ಸಭೆಗೆ ಗೊತ್ತಾಗುತ್ತದೆ ಎಂದು ಹಂಸ ಅಂದುಕೊಂಡಳು. ದೊಡ್ಡಮ್ಮನ ಎದೆಯೊಳಗೆ ಬೆಕ್ಕು ಮಲಗಿದ ಹಾಗೆ ಗೊರಗೊರ ಸದ್ದು. ಹಂಸ ಆ ಸದ್ದನ್ನು ಕೇಳಿಸಿಕೊಳ್ಳುತ್ತಿದ್ದಳು. ಏಳು ವರ್ಷದವಳಾಗಿದ್ದಾಗ ಅಮ್ಮ ತೀರಿಕೊಂಡು ಹಲಸೂರಿನ ಈ ಮನೆಗೆ ಬಂದಾಗಿನಿಂದ ಕೇಳಿಸಿಕೊಳ್ಳುತ್ತಲೇ ಇದ್ದಾಳೆ. ಸದ್ದು ತೆಳ್ಳಗಿದೆಯೋ ದಪ್ಪಗಿದೆಯೋ ಎನ್ನುವುದರ ಮೇಲೆ ಆ ದಿನ ನೀರು ಯಾರು ಹಿಡಿಯಬೇಕು, ಕಟ್ಟಿಗೆ ಒಲೆ ಹಚ್ಚಬೇಕೋ ಬೇಡವೋ ಎಲ್ಲ ತೀರ್ಮಾನವಾಗುತ್ತಿತ್ತು.

"ಏನ್ ರಾಹೇಲಮ್ಮಾ, ಯಾವ ಜಡ್ಜ್ ಸಾಬ್ ಅಂಗಿ ಇದು?"

ಪಕ್ಕದ ಮನೆಯ ಶಮೀಮ್ ಕಂಕುಳಲ್ಲಿ ಕೂಸು ಇಟ್ಟುಕೊಂಡು ಬಾಗಿಲಿಗೆ ಒರಗಿದ್ದಳು. ಹೊಲಿಯಲು ಕೊಟ್ಟಿದ್ದ ಬ್ಲೌಸು ಕೇಳಲು ಬಂದವಳು ಗೌನನ್ನು ನೋಡಿ ನಕ್ಕಳು.

"ಚರ್ಚಿಂದು ಕಣೇ. ಉದ್ದ ಬಿಡ್ತಿದೀನಿ," ಎಂದಳು ದೊಡ್ಡಮ್ಮ.

"ಉದ್ದ ಯಾಕೆ? ಈ ವಯಸ್ಸಲ್ಲಿ ಬೆಳೀತಾ ಇದೀರಾ ನೀವು?"

"ಹೂಂ, ಬೆಳೀತಿದೀನಿ. ನೀನು ನೋಡ್ತಾ ಇರು, ತೊಲೆಗೆ ತಲೆ ತಾಗುತ್ತೆ."

ಶಮೀಮ್ ಗಟ್ಟಿಯಾಗಿ ನಕ್ಕು ಕೂಸನ್ನು ಈ ಕಡೆಯಿಂದ ಆ ಕಡೆಗೆ ಹಾಕಿಕೊಂಡಳು. "ಕಲ್ ಅಲ್ವಾ ನಿಮ್ದು ಹಾಡು? ನಾನೂ ಬಂದು ಹಿಂದೆ ಕೂತ್ಕೊಳ್ಲಾ? ನೀವಿಬ್ರೂ ರೋಜ್ ಸಾಯಂಕಾಲ ಊ... ಊ... ಅಂತೀರಲ್ಲ, ಇವನು ಅದನ್ನ ಕೇಳ್ಕೊಂಡೇ ನಿದ್ದೆ ಮಾಡೋದು ಕಲ್ತವ್ನೆ. ಎರಡು ದಿನ ಆಯ್ತು, ಊನೂ ಇಲ್ಲ, ನಿದ್ದೆನೂ ಇಲ್ಲ. ಏನಾಯ್ತು ಹಂಸಾ, ಗಂಟಲು ಕಟ್ಟೈತಾ?"

ಹಂಸ ಬಟ್ಟೆಯನ್ನು ಇನ್ನೂ ಬಿಗಿಯಾಗಿ ಎಳೆದಳು. ದೊಡ್ಡಮ್ಮನ ಬ್ಲೇಡು ಹೊಲಿಗೆ ತಪ್ಪಿ ಬಟ್ಟೆಯನ್ನೇ ತುಸು ಕಚ್ಚಿತು. "ಮೆತ್ತಗೆ ಹಿಡ್ಕೋ," ಎಂದಳು ದೊಡ್ಡಮ್ಮ. ಶಮೀಮಿಗೆ, "ಬಾ ನಾಳೆ, ಯಾರು ಬೇಡ ಅಂತಾರೆ? ಕೂಸಿಗೆ ಟೋಪಿ ಹಾಕ್ಕೊಂಡು ಬಾ, ಒಳಗೆ ತಂಪು," ಎಂದಳು. ನಾಳೆ ತಾನು ಹಾಡುವುದಿಲ್ಲ ಎಂದು ಹೇಳಲಿಲ್ಲ.

ಆ ಊ ಎನ್ನುವುದು ಕೀರ್ತನೆಯ ಕೊನೆಯ ಪುಟ. ಕ್ವಾಯರ್ ಮಾಸ್ಟರ್ ಪ್ರೇಮ್‌ಕುಮಾರ್ ದೊಡ್ಡನೆಕ್ಕುಂದಿಯ ಒಂದು ಫ್ಯಾಕ್ಟರಿಯಲ್ಲಿ ಸೂಪರ್‌ವೈಸರು. ಪ್ರಾಕ್ಟೀಸಿಗೆ ಬರುವಾಗಲೂ ಅವರ ಬೆರಳುಗಳಿಂದ ಮೆಷಿನ್ ಎಣ್ಣೆಯ ವಾಸನೆ ಬರುತ್ತಿತ್ತು. ದೇವರನ್ನು ಕೊಂಬು ಊದಿ ಹೊಗಳಿ, ಕೊಳಲು ನುಡಿಸಿ ಹೊಗಳಿ, ತಾಳ ಬಡಿದು ಹೊಗಳಿ, ಉಸಿರಿರುವುದೆಲ್ಲ ಹೊಗಳಲಿ ಎನ್ನುವ, ಬೈಬಲ್ಲಿನ ಆ ಕೊನೆಯ ಕೀರ್ತನೆಗೆ ಅವರೇ ರಾಗ ಕಟ್ಟಿ, ನಾಲ್ಕು ದನಿಗೆ ಹಂಚಿ, ಜೆರಾಕ್ಸ್ ಮಾಡಿಸಿ ತಂದಿದ್ದರು. ಚರ್ಚಿನ, ಅವರ ಮಾತಿನಲ್ಲಿ ದೇವಾಲಯದ, ವಾರ್ಷಿಕೋತ್ಸವಕ್ಕೆ ಆರ್ಗನ್ ಇಲ್ಲದೆ ಬರೀ ಬಾಯಲ್ಲಿ ಹಾಡಬೇಕು. ಕೊನೆಯ ಪುಟದಲ್ಲಿ ಸೊಪ್ರಾನೋ ಎನ್ನುವ ಏರುದನಿಯ ಹೆಂಗಸರು ಮೇಲಕ್ಕೆ ಹತ್ತುತ್ತಾರೆ, ಗಂಡಸರು ಒಂದೊಂದೇ ವಾದ್ಯದ ಹೆಸರು ಹೇಳುತ್ತಾ ಕೆಳಕ್ಕೆ ಇಳಿಯುತ್ತಾರೆ. ಇವೆರಡರ ನಡುವೆ ಆಲ್ಟೋ ಎನ್ನುವ ತಗ್ಗುದನಿಯ ಹೆಂಗಸರು ಉಸಿರು ಎನ್ನುವ ಮಾತಿನ ಮೊದಲ ಅಕ್ಷರವನ್ನೇ ಹಿಡಿದುಕೊಂಡು, ಒಂದೇ ಸ್ವರದಲ್ಲಿ, ಎಲ್ಲೂ ಮುರಿಯದೆ ನಿಲ್ಲಬೇಕು. ಆಲ್ಟೋ ಎಂದರೆ ಇಬ್ಬರೇ, ದೊಡ್ಡಮ್ಮ ಮತ್ತು ಹಂಸ. ಒಂದು ಉಸಿರಿನಲ್ಲಿ ಅಷ್ಟು ದೂರ ಯಾರೂ ಹೋಗಲಾರರು. ಅದಕ್ಕೆ ಮಾಸ್ಟರ್ ಒಂದು ಏರ್ಪಾಡು ಮಾಡಿದ್ದರು. ಗಂಡಸರು 'ಕೊಳಲು' ಎಂದಾಗ ಹಂಸ ಉಸಿರು ತೆಗೆದುಕೊಳ್ಳಬೇಕು, ಆಗ ದೊಡ್ಡಮ್ಮ ಹಿಡಿದಿರುತ್ತಾಳೆ. 'ತಾಳ' ಎಂದಾಗ ದೊಡ್ಡಮ್ಮ, ಆಗ ಹಂಸ ಹಿಡಿದಿರುತ್ತಾಳೆ. ಕೇಳುವವರಿಗೆ ಯಾರು ನಿಲ್ಲಿಸಿದರು ಯಾರು ಹಿಡಿದರು ಗೊತ್ತಾಗಕೂಡದು. "ಇಬ್ಬರ ಮೂಗು, ಒಂದೇ ಎದೆ," ಎಂದಿದ್ದರು ಮಾಸ್ಟರ್. ದೊಡ್ಡಮ್ಮನಿಗೆ ದಮ್ಮು ಇರುವುದು ಅವರಿಗೆ ಗೊತ್ತಿರಲಿಲ್ಲ. ಕ್ವಾಯರಿನಲ್ಲಿ ಹಂಸಳನ್ನು ಬಿಟ್ಟು ಯಾರಿಗೂ ಗೊತ್ತಿರಲಿಲ್ಲ. ದೊಡ್ಡಮ್ಮ ದಮ್ಮಿನ ಔಷಧಿ ಎಳೆದುಕೊಳ್ಳುವ ಪಂಪನ್ನು ಕರ್ಚೀಫಿನಲ್ಲಿ ಸುತ್ತಿ ಬ್ಯಾಗಿನ ತಳದಲ್ಲಿ ಇಡುತ್ತಿದ್ದಳು, ಪ್ರಾಕ್ಟೀಸಿನ ನಡುವೆ ಬಾವಿಕಟ್ಟೆಯ ಹಿಂದೆ ಹೋಗಿ ಎಳೆದುಕೊಂಡು ಬರುತ್ತಿದ್ದಳು. ತಾಳ ಎನ್ನುವಲ್ಲಿ ಅವಳ ಉಸಿರು ಬರುವುದು ತಡವಾದರೆ ಹಂಸ ತನ್ನ ಸ್ವರವನ್ನು ಇನ್ನೂ ಎಳೆಯುತ್ತಿದ್ದಳು. ಕಣ್ಣ ಮುಂದೆ ಕಪ್ಪು ಚುಕ್ಕಿಗಳು ಓಡಾಡುವವರೆಗೆ, ಪಕ್ಕದಲ್ಲಿ ಆ ಗೊರಗೊರ ಮತ್ತೆ ಸ್ವರವಾಗುವವರೆಗೆ ಎಳೆಯುತ್ತಿದ್ದಳು. ಅದರಲ್ಲಿ ಅವಳಿಗೊಂದು ಹೆಮ್ಮೆ ಇತ್ತು. ಯಾರಿಗೂ ಹೇಳಲಾಗದ ಹೆಮ್ಮೆ.

ಮಧ್ಯಾಹ್ನ ಗೌನನ್ನು ಮಡಿಸಿ ಚೀಲಕ್ಕೆ ಹಾಕಿಕೊಂಡು ಹಂಸ ಕೆರೆಯ ಏರಿಯ ಮೇಲೆ ನಡೆದಳು. ಮೊದಲು ಕುಕ್ ಟೌನಿನಲ್ಲಿ ಪದ್ಮಶ್ರೀಗೆ ಗೌನು ಕೊಡಬೇಕು, ಆಮೇಲೆ ಇಬ್ಬರೂ ಪ್ರಾಕ್ಟೀಸಿಗೆ. ಬಸ್ಸಿಗೆ ಹೋಗು ಎಂದಿದ್ದಳು ದೊಡ್ಡಮ್ಮ. ಬಸ್ಸಿನಲ್ಲಿ ಕೂತರೆ ಯೋಚನೆಗಳು ಪಕ್ಕದ ಸೀಟಿಗೆ ಬಂದು ಕೂರುತ್ತವೆ, ನಡೆದರೆ ಹಿಂದೆ ಬೀಳಬಹುದು ಎಂದು ನಡೆದಳು. ಬೀಳಲಿಲ್ಲ. ಬಾಯಿ ಮುಚ್ಚಿಕೊಂಡು ಒಳಗೇ ಊ ಹಿಡಿದಳು. ದೀಪದ ಕಂಬದಿಂದ ಕಂಬಕ್ಕೆ. ಕೊಂಬು ದಾಟಿತು, ಕೊಳಲು ದಾಟಿತು, ತಾಳ ಬಂತು, ತಾಳವೂ ದಾಟಿತು. ಎದೆಯಲ್ಲಿ ಇನ್ನೂ ಇತ್ತು. ಇಷ್ಟು ಇದೆ, ನಡೆಯುವಾಗಲೇ ಇಷ್ಟು ಇದೆ, ನಿಂತುಕೊಂಡು ಹಾಡುವಾಗ ಇರಲಿಲ್ಲವೇ? ಗುರುವಾರ ಉಸಿರು ಮುಗಿದಿತ್ತು ಎಂದು ಎರಡು ದಿನದಿಂದ ತನಗೆ ತಾನೇ ಹೇಳಿಕೊಂಡದ್ದು ಅಲ್ಲೇ ನೀರಿನ ಅಂಚಿನಲ್ಲಿ ಬಿದ್ದುಹೋಯಿತು. ಎದುರಿಗೆ ಬಂದ ಸಿಪಾಯಿಯೊಬ್ಬ ಅವಳ ಉಬ್ಬಿದ ಕೆನ್ನೆ ನೋಡಿ ತಿರುಗಿ ನೋಡಿದ. ಅವಳು ಚೂಡಿದಾರದ ದುಪಟ್ಟಾ ಎಳೆದುಕೊಂಡು ಬೇಗ ಬೇಗ ಹೆಜ್ಜೆ ಹಾಕಿದಳು.

ಗುರುವಾರ ದೇವಾಲಯದ ಮೆಟ್ಟಿಲಿನ ಮೇಲೆ ಸ್ತ್ರೀಸಮಾಜದ ಒಬ್ಬಾಕೆ, ಹೊಸದಾಗಿ ಹುಬ್ಬಳ್ಳಿ ಕಡೆಯಿಂದ ವರ್ಗವಾಗಿ ಬಂದವರು, ಸುಮ್ಮನೆ ಮಾತಿಗೆ ಕೇಳಿದ್ದರು, "ಏನು ಓದ್ಲಿಕ್ಕತ್ತಾಳ್ರೀ ಹುಡುಗಿ?" ಹಂಸ ಚಪ್ಪಲಿ ಬಿಡುತ್ತಿದ್ದಳು. ದೊಡ್ಡಮ್ಮ ನಗುತ್ತಾ, "ಅಯ್ಯೋ, ಓದು ತಲೆಗೆ ಹತ್ತಲಿಲ್ಲ ಕಣ್ರೀ ಇವಳಿಗೆ. ನಾನೇನು ಕಮ್ಮಿ ಬಡ್ಕೊಂಡ್ನಾ? ಹೋಗ್ಲಿ ಬಿಡಿ, ಕಂಠ ಕೊಟ್ಟವ್ನೆ ದೇವರು," ಎಂದಿದ್ದಳು. ಆಕೆಯೂ ನಕ್ಕಿದ್ದರು. ಹಂಸಳೂ ನಕ್ಕಿದ್ದಳು, ನಗದಿದ್ದರೆ ಕೆಟ್ಟದಾಗಿ ಕಾಣುತ್ತದೆಂದು. ಚಪ್ಪಲಿಯ ಪಟ್ಟಿ ಬಿಚ್ಚಲು ಬರದೆ ಬೆರಳು ಒದ್ದಾಡುತ್ತಿತ್ತು. ಒಂಬತ್ತನೆಯ ತರಗತಿಯಲ್ಲಿ ಅವಳು ಗಣಿತದಲ್ಲಿ ಸೆಕ್ಷನ್ನಿಗೇ ಎರಡನೆಯವಳು. ಆ ಚಳಿಗಾಲದಲ್ಲಿ ದೊಡ್ಡಮ್ಮನನ್ನು ಆಸ್ಪತ್ರೆಗೆ ಸೇರಿಸಿದಾಗ ಅವಳ ಮಂಚದ ಪಕ್ಕ ಸ್ಟೂಲಿನ ಮೇಲೆ ಕೂತೇ ಬೀಜಗಣಿತದ ಲೆಕ್ಕ ಬಿಡಿಸಿದ್ದಳು. ದೊಡ್ಡಮ್ಮ ಮನೆಗೆ ಬಂದಳು. ಸ್ಕೂಲಿನ ನೀಲಿ ಪಿನಫೋರು ಇಸ್ತ್ರಿಯಾಗಿ ಮೊಳೆಗೆ ತೂಗುತ್ತಿತ್ತು. ನಾಳೆಯಿಂದ ಸ್ಕೂಲಿಗೆ ಹೋಗು ಎನ್ನುವ ಮಾತಿಗೆ ಹಂಸ ಕಾದಳು. ದೊಡ್ಡಮ್ಮ ಹೋಗಬೇಡ ಎನ್ನಲಿಲ್ಲ, ಹೋಗು ಎನ್ನಲಿಲ್ಲ. ಬೆಳಗ್ಗೆ ಎದ್ದು ನೀರು ಕಾಯಿಸಿದರೆ, "ಇಲ್ಲಿ ಬಾ, ಬೆನ್ನು ಉಜ್ಜು," ಎನ್ನುತ್ತಿದ್ದಳು. ಹಬ್ಬ ಬಂತು, ಹೋಯಿತು. ಒಂದು ದಿನ ಮೊಳೆ ನೋಡಿದರೆ ಪಿನಫೋರು ಇರಲಿಲ್ಲ. ದೊಡ್ಡಮ್ಮ ಅದನ್ನು ಕತ್ತರಿಸಿ ಹೊಲಿಗೆ ಮೆಷಿನ್ನಿಗೆ ಕವರು ಹೊಲಿದಿದ್ದಳು. ಹಂಸ ಏನೂ ಕೇಳಿರಲಿಲ್ಲ. ಕೇಳಿದ್ದರೆ ದೊಡ್ಡಮ್ಮ ಕಳಿಸುತ್ತಿದ್ದಳೇನೋ. ಇದು ಎಲ್ಲಕ್ಕಿಂತ ಹೆಚ್ಚಾಗಿ ಅವಳನ್ನು ಕೊರೆಯುತ್ತಿತ್ತು. ಒಂದು ಮಾತಿನ ವಿಷಯ, ಇಬ್ಬರಲ್ಲಿ ಒಬ್ಬರು ಆಡಿದ್ದರೆ ಸಾಕಿತ್ತು.

ಗುರುವಾರ ಮೆಟ್ಟಿಲಿನ ಮೇಲೆ ಆ ಮಾತಾದ ಮೇಲೆ ಒಳಗೆ ಹೋಗಿ ನಿಂತು ಹಾಡಿದ್ದರು. ಕೊನೆಯ ಪುಟ ಬಂತು. ಕೊಳಲು ಎಂದರು, ಹಂಸ ಉಸಿರು ತೆಗೆದುಕೊಂಡಳು, ದೊಡ್ಡಮ್ಮ ಹಿಡಿದಿದ್ದಳು. ತಾಳ ಎಂದರು. ದೊಡ್ಡಮ್ಮನ ದನಿ ನಿಂತಿತು, ಯಾವಾಗಲೂ ನಿಲ್ಲುವ ಹಾಗೆ, ಹಂಸಳ ಮೇಲೆ ಭಾರ ಬಿಟ್ಟು. ಆಗ ಹಂಸ ಬಾಯಿ ಮುಚ್ಚಿದಳು. ಮೂಗಿನಿಂದ ನಿಧಾನವಾಗಿ ಉಸಿರು ಎಳೆದುಕೊಂಡಳು. ಒಂದು ಕ್ಷಣವೋ ಎರಡೋ, ಮೇಲೆ ಸೊಪ್ರಾನೋ, ಕೆಳಗೆ ಗಂಡಸರು, ನಡುವೆ ಖಾಲಿ. ಆ ಖಾಲಿಯೊಳಗೆ ದೊಡ್ಡಮ್ಮನ ಎದೆಯ ಗೊರಗೊರ ಇಡೀ ದೇವಾಲಯಕ್ಕೆ ಕೇಳಿಸಿತು. ಯಾವ ಆಲೋಚನೆಯೂ ಇರಲಿಲ್ಲ, ಬರೀ ಒಂದು ನೆಮ್ಮದಿ ಇತ್ತು, ಬಿಗಿಯಾದ ಚಪ್ಪಲಿ ಕಳಚಿದ ಹಾಗೆ. ಈಗ ಅದು ನೆನಪಾದರೆ ಅವಳ ಹೆಜ್ಜೆ ಇನ್ನೂ ಬಿರುಸಾಗುತ್ತಿತ್ತು.

ಮಾಸ್ಟರ್ ಕೈ ತಟ್ಟಿ ನಿಲ್ಲಿಸಿದರು. "ಏನ್ರಪ್ಪಾ ಆಲ್ಟೋ, ಇದು ಹಾಡಾ, ಕಾರ್ಪೊರೇಷನ್ ರೋಡಾ? ಅಷ್ಟು ದೊಡ್ಡ ಹಳ್ಳ! ಯಾರದು?"

ಎಲ್ಲರೂ ನಕ್ಕರು. ಹಂಸ ಹಾಳೆ ನೋಡುತ್ತಿದ್ದಳು. ಒಂದು ಮಾತು ಸಾಕಿತ್ತು. ದೊಡ್ಡಮ್ಮ ಅವಳ ಕಡೆ ತಿರುಗಿದ್ದು, ತುಸು ಹೊತ್ತು ನೋಡಿದ್ದು ಕೆನ್ನೆಗೆ ತಿಳಿಯಿತು. ಆಮೇಲೆ ದೊಡ್ಡಮ್ಮ, "ನಂದೇ ಮಾಸ್ಟರ್. ದಮ್ಮು ನಂಗೆ. ಎಳೆಯಕ್ಕಾಗಲಿಲ್ಲ," ಎಂದಳು. ಬ್ಯಾಗಿನ ತಳಕ್ಕೆ ಕೈ ಹಾಕಿ, ಕರ್ಚೀಫು ಬಿಚ್ಚಿ, ಎಲ್ಲರ ಎದುರಿಗೆ ಪಂಪು ಬಾಯಿಗಿಟ್ಟು ಎಳೆದುಕೊಂಡಳು. ನಗು ನಿಂತಿತು. ಮುಂದಿನ ಸಾಲಿನ ಹೆಂಗಸರು ಅಯ್ಯೋ ಎಂದರು. ಮಾಸ್ಟರ್ ಹತ್ತಿರ ಬಂದು ಮೆತ್ತಗೆ, "ಮೊದ್ಲೇ ಹೇಳ್ಬಾರ್ದಾ ಅಕ್ಕಾ? ಭಾನುವಾರ ನೀವು ಆರಾಮಾಗಿ ಮುಂದಿನ ಬೆಂಚಲ್ಲಿ ಕೂತ್ಕೊಂಡು ಕೇಳಿ. ಇಷ್ಟು ವರ್ಷ ಹಾಡಿದೀರ, ಒಂದ್ಸಲ ಕೇಳಿ," ಎಂದರು. ಪದ್ಮಶ್ರೀಯನ್ನು ಸೊಪ್ರಾನೋದಿಂದ ಆಲ್ಟೋಗೆ ಹಾಕಿದರು. ಅವಳಿಗೆ ಗೌನಿರಲಿಲ್ಲ, ಅವಳು ಬಂದು ಎರಡೇ ತಿಂಗಳಾಗಿತ್ತು. "ನಂದೇ ಕೊಡ್ತೀನಿ, ಉದ್ದ ಬಿಟ್ಟು," ಎಂದದ್ದೂ ದೊಡ್ಡಮ್ಮನೇ.

ಕುಕ್ ಟೌನಿನ ಬಂಗಲೆಯ ಗೇಟಿನ ಹತ್ತಿರ ನಾಯಿ ಬೊಗಳಿತು. ಪದ್ಮಶ್ರೀಯ ತಾಯಿ ವರಾಂಡದಿಂದಲೇ ಅದರ ಹೆಸರು ಕೂಗಿ ಇಂಗ್ಲಿಷಿನಲ್ಲಿ ಗದರಿಸಿದರು, ಆಮೇಲೆ ಹಂಸಳನ್ನು ನೋಡಿ, "ಟೈಲರ್ ಕಡೆಯವಳಾ?" ಎಂದರು. ಹೌದು ಎನ್ನುವುದೇ ಸುಲಭವೆಂದು ತೋರಿ ಹಂಸ ತಲೆಯಾಡಿಸಿದಳು. ಒಳಗಿಂದ ಪದ್ಮಶ್ರೀ ಓಡಿಬಂದು, "ಅಯ್ಯೋ ಮಮ್ಮಿ, ಇವಳು ಹಂಸ, ನಮ್ ಕ್ವಾಯರ್! ನನ್ ಪಕ್ಕ ನಿಂತ್ಕೊಳ್ಳೋದು ಇವಳೇ. ವಾಯ್ಸ್ ಕೇಳ್ಬೇಕು ನೀನು," ಎಂದಳು. ತಾಯಿ ಸಾರಿ ಸಾರಿ ಎಂದು ಕುರ್ಚಿ ಎಳೆದರು, ತಟ್ಟೆಯಲ್ಲಿ ಕೇಕು ತಂದುಕೊಟ್ಟರು. ಪದ್ಮಶ್ರೀಯಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಹಂಸಳಿಗೆ ಅನಿಸಿತು. ಅವಳು ಗೌನು ಹಾಕಿಕೊಂಡು ಒಂದು ಸುತ್ತು ತಿರುಗಿದಳು. ಕಾಲಿನ ಹತ್ತಿರ ಗಾಢ ಪಟ್ಟಿಯೂ ತಿರುಗಿತು. "ಬಾರ್ಡರ್ ತರ ಇದೆ ಅಲ್ವಾ? ಚೆನ್ನಾಗಿದೆ." ಕುತ್ತಿಗೆಯ ಹತ್ತಿರ ಮೂಸಿ ನೋಡಿ, "ಏನೋ ವಾಸನೆ. ವಿಕ್ಸಾ?" ಎಂದಳು. ಹಂಸ ಗೊತ್ತಿಲ್ಲ ಎಂದಳು. ರಾತ್ರಿ ಅದನ್ನು ದೊಡ್ಡಮ್ಮನ ಎದೆಗೆ ಹಚ್ಚುವ ಕೈ ಇದೇ, ಕೇಕು ಹಿಡಿದಿದ್ದ ಈ ಕೈಯೇ.

"ಇಲ್ಲಿ ನೋಡು," ಪದ್ಮಶ್ರೀ ಹಾಳೆ ತಂದು ಪಕ್ಕದಲ್ಲಿ ಕೂತಳು. ಅವಳ ಹಾಳೆಯಲ್ಲಿ ಸ್ವರಗಳಿಗೆ ಗೆರೆ ಚುಕ್ಕಿಗಳಿದ್ದವು, ಹಂಸಳದರಲ್ಲಿ ಮಾಸ್ಟರ್ ಕೈಯಾರೆ ಬರೆದ ಡೋ ರೇ ಮಿ ಅಕ್ಷರಗಳು. "ಈ ಊ ಇದೆಯಲ್ಲ, ಇದ್ರಲ್ಲಿ ನಾನು ಎಲ್ಲಿ ಬ್ರೀತ್ ಮಾಡ್ಬೇಕು? ಮಾಸ್ಟರ್ ಹೇಳ್ಲಿಲ್ಲ, ಹಂಸನ್ನ ಕೇಳ್ಕೋ ಅಂದ್ರು. ರಾಹೇಲ್ ಆಂಟಿ ಎಲ್ಲಿ ತಗೋತಿದ್ರು?"

ಹಂಸ ಕೇಕಿನ ಚೂರನ್ನು ನುಂಗಿದಳು. "ಕೊಂಬು ಅನ್ನೋವಾಗ," ಎಂದಳು.

"ಅಷ್ಟು ಬೇಗನಾ?"

"ಹೂಂ. ಕೊಂಬು."

ಪದ್ಮಶ್ರೀ ಕೆಂಪು ಪೆನ್ನಿನಲ್ಲಿ ಕೊಂಬಿನ ಮೇಲೆ ಗುರುತು ಹಾಕಿದಳು. ತಾಳದ ಮೇಲೆ ಏನೂ ಇರಲಿಲ್ಲ. ಯಾಕೆ ಸುಳ್ಳು ಹೇಳಿದೆನೆಂದು ಹಂಸಳಿಗೆ ತಿಳಿಯಲಿಲ್ಲ. ಗೌನು ಕೊಟ್ಟಾಯಿತು, ನಿಲ್ಲುವ ಜಾಗ ಕೊಟ್ಟಾಯಿತು, ಇದೊಂದು ದೊಡ್ಡಮ್ಮನಿಗೇ ಇರಲಿ ಅನಿಸಿತ್ತು.

ಪ್ರಾಕ್ಟೀಸಿನಲ್ಲಿ ಕೊನೆಯ ಪುಟ ಎಲ್ಲೂ ಮುರಿಯಲಿಲ್ಲ. ಪದ್ಮಶ್ರೀ ಕೊಂಬಿನಲ್ಲಿ ಉಸಿರು ತೆಗೆದುಕೊಂಡಳು, ಹಂಸ ಕೊಳಲಿನಲ್ಲಿ. ತಾಳ ಬಂದಾಗ ಇಬ್ಬರ ದನಿಯೂ ತುಂಬಿ ನಿಂತಿತ್ತು. ಹಂಸ ಮಾತ್ರ ಅಲ್ಲಿ ಅಭ್ಯಾಸದಿಂದ ಬಲಗಡೆಗೆ ಕಿವಿ ಕೊಟ್ಟಳು, ಹಳೆಯ ಭಾರ ಮೈಮೇಲೆ ಬೀಳುತ್ತದೆಂದು ಎದೆ ಗಟ್ಟಿ ಮಾಡಿಕೊಂಡಳು. ಕತ್ತಲಲ್ಲಿ ಇಲ್ಲದ ಮೆಟ್ಟಿಲಿಗೆ ಕಾಲಿಟ್ಟ ಹಾಗಾಯಿತು. "ಇದು, ಇದು ನೋಡಿ!" ಮಾಸ್ಟರ್ ಕುಣಿದರು. "ಮಾರ್ಬಲ್ ನೆಲ ಹಾಸಿದಂಗೈತೆ!"

ಎಲ್ಲರೂ ಹೋದ ಮೇಲೆ ಮಾಸ್ಟರ್ ಆರ್ಗನ್ನಿನ ಮುಚ್ಚಳ ಮುಚ್ಚುತ್ತಿದ್ದಾಗ ಹಂಸ ಕಂಬದ ಪಕ್ಕ ನಿಂತಿದ್ದಳು. ಅವರು ತಿರುಗುವವರೆಗೆ ಕಾದಳು.

"ಏನಮ್ಮಾ?"

"ಮಾಸ್ಟರ್, ಗುರುವಾರ... ದೊಡ್ಡಮ್ಮಂದಲ್ಲ. ನಾನು ತಗೊಂಡೆ. ಉಸಿರು. ತಾಳದಲ್ಲಿ. ನಂದು ತಪ್ಪು." ಕಂಬದಿಂದ ಒಂದು ಹೆಜ್ಜೆ ಮುಂದೆ ಬಂದಳು. "ದೊಡ್ಡಮ್ಮ ಸರಿಯಾಗೇ ಹಾಡ್ತಾರೆ. ನಾಳೆ ಅವರೂ ನಿಂತ್ಕೊಳ್ಲಿ."

ಮಾಸ್ಟರ್ ಮುಚ್ಚಳದ ಮೇಲೆ ಕೈಯಿಟ್ಟುಕೊಂಡು ಅವಳನ್ನು ನೋಡಿದರು. ಅವರ ಮುಖದಲ್ಲಿ ಆಶ್ಚರ್ಯವಿರಲಿಲ್ಲ. "ಗೊತ್ತು ಕಣಮ್ಮ," ಎಂದರು. "ಅವತ್ತೇ ಗೊತ್ತಾಯ್ತು. ನಾನು ಬರ್ದಿರೋ ಹಾಡು, ಯಾರ ದನಿ ಎಲ್ಲಿ ನಿಲ್ತು ಅಂತ ನಂಗೆ ಗೊತ್ತಾಗಲ್ವಾ? ಅಕ್ಕ ಅವರ ಜಾಗದಲ್ಲೇ ತಗೊಂಡ್ರು."

"ಮತ್ತೆ..."

"ಮತ್ತೆ ಏನು? ಅಕ್ಕನ ದನಿ ಒಂದು ವರ್ಷದಿಂದ ಬಿರುಕು ಬಿಟ್ಟೈತೆ. ಹೆಂಗಪ್ಪಾ ಹೇಳೋದು ಇವ್ರಿಗೆ ಅಂತ ಒದ್ದಾಡ್ತಿದ್ದೆ. ದೊಡ್ಡ ಮನುಷ್ಯರು, ಅವರಾಗೇ ದಾರಿ ಮಾಡ್ಕೊಟ್ರು. ನೀನೇನು ಕೊರಗ್ಬೇಡ. ಒಂಥರಾ ಒಳ್ಳೇದೇ ಆಯ್ತು ನಿನ್ನಿಂದ." ದೀಪದ ಸ್ವಿಚ್ಚಿನ ಹತ್ತಿರ ಹೋಗಿ, "ಇದನ್ನೆಲ್ಲ ಮನೇಲಿ ಹೋಗಿ ಹೇಳಿ ಅವರ ಮನಸ್ಸು ಕೆಡಿಸ್ಬೇಡ, ಆಯ್ತಾ?" ಎಂದರು.

ಹಂಸ ತಲೆಯಾಡಿಸಿದಳು. ದಾರಿಯುದ್ದಕ್ಕೂ ಅವಳಿಗೆ ಆ ತಲೆಯಾಡಿಸಿದ್ದೇ ಕಾಣುತ್ತಿತ್ತು. ಟೈಲರ್ ಕಡೆಯವಳಾ ಎಂದಾಗಲೂ ಆಡಿಸಿದ ತಲೆ, ಇದೇ. ತಪ್ಪು ಒಪ್ಪಿಕೊಂಡರೆ ಬಯ್ಯುತ್ತಾರೆ, ಕ್ವಾಯರಿನಿಂದ ತೆಗೆಯುತ್ತಾರೆ, ದೊಡ್ಡಮ್ಮ ತನ್ನ ಜಾಗಕ್ಕೆ ವಾಪಸ್ಸು ಬರುತ್ತಾಳೆ ಎಂದೆಲ್ಲ ಅಂದುಕೊಂಡು ಹೋಗಿದ್ದಳು. ಅವಳ ತಪ್ಪು ಅವರಿಗೆ ಕೆಲಸಕ್ಕೆ ಬಂದಿತ್ತು. ಒಂಥರಾ ಒಳ್ಳೇದೇ ಆಯ್ತು. ಶಿವಾಜಿನಗರದ ಕಡೆಯಿಂದ ಬಂದ ಬಸ್ಸೊಂದು ಮೈ ತಾಗುವಷ್ಟು ಹತ್ತಿರ ಹಾದುಹೋಯಿತು, ಕಂಡಕ್ಟರ್ ಏನೋ ಬೈದ. ಅವಳಿಗೆ ಆ ಬೈಗುಳ ಹಿತವಾಗಿತ್ತು.

ಮನೆಯಲ್ಲಿ ದೊಡ್ಡಮ್ಮ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು. ತಲೆ ಎತ್ತದೆ, "ಸರಿಯಾಯ್ತಾ ಗೌನು?" ಎಂದಳು.

"ಹೂಂ."

"ಉದ್ದ?"

"ಸರಿಯಾಯ್ತು."

"ಹೇಗೆ ಬಂತು ಹಾಡು?"

"ಚೆನ್ನಾಗಿ ಬಂತು."

ಅಕ್ಕಿಯ ನಡುವೆ ಬೆರಳು ಓಡಾಡಿತು. ಒಂದು ಕಲ್ಲು ಸಿಕ್ಕಿತು, ಅದನ್ನು ಬಾಗಿಲಾಚೆ ಎಸೆದಳು. "ಆ ಹುಡುಗಿ ಎಲ್ಲಿ ಉಸಿರು ತಗೋತಾಳೆ?"

"ಕೊಂಬು ಅನ್ನೋ ಕಡೆ."

ಬೆರಳು ನಿಂತಿತು. "ಕೊಂಬು ತುಂಬಾ ಬೇಗ ಆಯ್ತಲ್ಲೇ. ತಾಳದಲ್ಲಿ ತಗೋಬೇಕು. ನೀನು ಹೇಳ್ಕೊಡ್ಲಿಲ್ವಾ?"

"ತಾಳ ನಿಂದು," ಎಂದಳು ಹಂಸ.

ದೊಡ್ಡಮ್ಮ ಈಗ ತಲೆ ಎತ್ತಿದಳು. ಗುರುವಾರ ಕೆನ್ನೆಗೆ ತಿಳಿದಿದ್ದ ನೋಟವನ್ನು ಹಂಸ ಈಗ ಎದುರಿಗೆ ನೋಡಿದಳು. ಅದರಲ್ಲಿ ಸಿಟ್ಟಿರಲಿಲ್ಲ. ಕ್ಷಮೆಯೂ ಇರಲಿಲ್ಲ. ನೂಲು ಪೋಣಿಸುವಾಗ ಸೂಜಿಯ ಕಣ್ಣನ್ನು ನೋಡುವ ಹಾಗೆ ನೋಡುತ್ತಿದ್ದಳು. ಗೊತ್ತಿತ್ತು ಅವಳಿಗೂ. ತನ್ನ ಪಕ್ಕದಲ್ಲಿ ದನಿ ನಿಂತದ್ದು ಅವಳಿಗಲ್ಲದೆ ಇನ್ನಾರಿಗೆ ಮೊದಲು ಗೊತ್ತಾಗಬೇಕು?

"ದೊಡ್ಡಮ್ಮ, ಗುರುವಾರ ನಾನು..."

"ಅನ್ನಕ್ಕೆ ನೀರಿಡು. ಹೊತ್ತಾಯ್ತು."

"ಬೇಕು ಅಂತಾನೇ..."

"ನೀರಿಡು ಅಂದೆ." ದೊಡ್ಡಮ್ಮ ಮೊರ ಎತ್ತಿಕೊಂಡು ಎದ್ದಳು. ಗೋಡೆ ಹಿಡಿದು ನಿಂತು ಸುಧಾರಿಸಿಕೊಂಡು, ಬೆನ್ನು ತಿರುಗಿಸಿಕೊಂಡೇ ಹೇಳಿದಳು, "ನಂದು ನಿಂದು ಅಂತ ಅದ್ರಲ್ಲೇನೈತೆ. ಕೇಳೋರಿಗೆ ಗೊತ್ತಾಗ್ಬಾರ್ದು, ಅಷ್ಟೇ."

ಪಕ್ಕದ ಮನೆಯಲ್ಲಿ ಶಮೀಮಳ ಕೂಸು ಅಳುತ್ತಲೇ ಇತ್ತು. ಹಂಸ ಪಾತ್ರೆಗೆ ನೀರು ಹಾಕಿ ಸ್ಟೌ ಹಚ್ಚಿದಳು. ಒಮ್ಮೆ ಊ ಎಂದರೆ ಕೂಸು ಮಲಗಬಹುದು. ಇಬ್ಬರೂ ಎನ್ನಲಿಲ್ಲ.

ಭಾನುವಾರ ದೇವಾಲಯ ತುಂಬಿತ್ತು. ಬಾಗಿಲಿಗೆಲ್ಲ ಬಣ್ಣದ ಕಾಗದ, ಬಲಿಪೀಠದ ಎರಡು ಕಡೆ ಗ್ಲಾಡಿಯೋಲಸ್ ಹೂವು. ದೊಡ್ಡಮ್ಮ ಮುಂದಿನ ಬೆಂಚಿನ ಅಂಚಿನಲ್ಲಿ ಕೂತಿದ್ದಳು. ಕೆನೆಬಣ್ಣದ ರೇಷ್ಮೆ ಸೀರೆ, ತೊಡೆಯ ಮೇಲೆ ಬ್ಯಾಗು, ಬ್ಯಾಗಿನ ಮೇಲೆ ಎರಡೂ ಕೈ. ಗೌನಿಲ್ಲದೆ ಅವಳು ಯಾರದೋ ಮದುವೆಗೆ ಬಂದವಳ ಹಾಗೆ ಕಾಣುತ್ತಿದ್ದಳು. ಹಿಂದಿನ ಬೆಂಚಿನಲ್ಲಿ ಶಮೀಮ್ ಬುರ್ಖಾದಲ್ಲಿ, ಟೋಪಿ ಹಾಕಿದ ಕೂಸಿನ ಜೊತೆ ಕೂತಿದ್ದಳು, ಹಂಸಳನ್ನು ಕಂಡು ಎಲ್ಲರಿಗೂ ಕಾಣುವ ಹಾಗೆ ಕೈ ಬೀಸಿದಳು. ಆಮೇಲೆ ಆ ಕೈ ದೊಡ್ಡಮ್ಮನನ್ನು ಕ್ವಾಯರಿನ ಸಾಲಿನಲ್ಲಿ ಹುಡುಕುತ್ತಾ ಗಾಳಿಯಲ್ಲೇ ನಿಧಾನವಾಯಿತು.

ಪಾದ್ರಿ ಅಯ್ಯಗಳು ಕೀರ್ತನೆಯ ಹೆಸರು ಹೇಳಿದರು. ಕ್ವಾಯರ್ ಎದ್ದು ನಿಂತಿತು. ಪದ್ಮಶ್ರೀಯ ಕಾಲಿನ ಹತ್ತಿರ ಗಾಢ ಪಟ್ಟಿ. ಅವಳು ಹಂಸಳ ಬಲಗಡೆಗೆ, ದೊಡ್ಡಮ್ಮ ನಿಲ್ಲುತ್ತಿದ್ದ ಹಾಸುಗಲ್ಲಿನ ಮೇಲೆ ನಿಂತು, ಕಣ್ಣು ಮಿಟುಕಿಸಿ, "ಕೊಂಬು," ಎಂದು ಪಿಸುಗುಟ್ಟಿದಳು. ಮಾಸ್ಟರ್ ಆರ್ಗನ್ನಿನ ಪೆಡಲು ತುಳಿದರು. ಹಳೆಯ ಆರ್ಗನ್ನು ಒಳಗೆಲ್ಲೋ ಗಾಳಿ ತುಂಬಿಕೊಂಡು ಗೊರ್ ಎಂದು, ಆಮೇಲೆ ಸ್ವರ ಕೊಟ್ಟಿತು. ನಾಲ್ಕು ದನಿಗೆ ನಾಲ್ಕು ಸ್ವರ. ಅವರು ಎದ್ದು ಬಂದು ಎಲ್ಲರ ಎದುರಿಗೆ ನಿಂತು ಕೈ ಎತ್ತಿದರು. ಕೆಮ್ಮುತ್ತಿದ್ದವರು ನಿಲ್ಲಿಸಿದರು. ಫ್ಯಾನುಗಳ ಸದ್ದು ಮಾತ್ರ ಉಳಿಯಿತು. ಎಲ್ಲರೂ ಉಸಿರು ತುಂಬಿಕೊಂಡರು. ಹಂಸಳೂ ತುಂಬಿಕೊಂಡಳು. ಅವಳ ಎದೆ ಎಷ್ಟು ತುಂಬಿತ್ತೆಂದರೆ ಇಡೀ ಕೊನೆಯ ಪುಟವನ್ನು ಒಬ್ಬಳೇ ದಾಟಬಹುದಿತ್ತು, ಯಾರ ಮೂಗೂ ಬೇಡ, ಯಾರ ಜಾಗವೂ ಬೇಡ. ಅವಳಿಗೆ ಭಯವಾಯಿತು. ಬೆಂಚಿನ ಅಂಚಿನಲ್ಲಿ ದೊಡ್ಡಮ್ಮನೂ ಬಾಯಿ ತುಸು ತೆರೆದು, ಹೆಗಲು ಎತ್ತಿ, ಮಾಸ್ಟರ್ ಕೈಯನ್ನೇ ನೋಡುತ್ತಾ ಉಸಿರು ತೆಗೆದುಕೊಂಡಿದ್ದಳು. ತಾನು ತೆಗೆದುಕೊಂಡಿದ್ದೇನೆಂದು ತಿಳಿದ ಕೂಡಲೇ ಬಾಯಿ ಮುಚ್ಚಿ ತಲೆ ತಗ್ಗಿಸಿದಳು.

"ದೊಡ್ಡಮ್ಮ," ಎಂದಳು ಹಂಸ.

ಮೆತ್ತಗೇ ಹೇಳಿದ್ದು. ಆ ಮೌನದಲ್ಲಿ ಅದು ಕೊನೆಯ ಬೆಂಚಿನವರೆಗೂ ಹೋಯಿತು. ಮಾಸ್ಟರ್ ಕೈ ಮೇಲೆಯೇ ನಿಂತಿತು, ಅವರ ಹುಬ್ಬು ಗಂಟಿಕ್ಕಿತು. ಪದ್ಮಶ್ರೀ ಅವಳ ತೋಳು ಮುಟ್ಟಿದಳು. ಇಷ್ಟು ಜನ ತನ್ನ ಮುಖವನ್ನು ಒಟ್ಟಿಗೆ ನೋಡಿದ್ದು ಹಂಸಳ ಜೀವನದಲ್ಲೇ ಇರಲಿಲ್ಲ. ತುಂಬಿಕೊಂಡಿದ್ದ ಉಸಿರೆಲ್ಲ ಮಾತಾಗಿ ಹೊರಗೆ ಬಂತು.

"ಗೌನಿಲ್ದಿದ್ರೂ ಪರವಾಗಿಲ್ಲ. ಇಲ್ಲಿ ಬಾ, ನನ್ ಪಕ್ಕ ನಿಂತ್ಕೋ."

ದೊಡ್ಡಮ್ಮ ಬ್ಯಾಗಿನ ಬಕಲನ್ನು ಹೆಬ್ಬೆರಳಿನಿಂದ ತೆಗೆದಳು, ಮುಚ್ಚಿದಳು. ಅವಳು ತಲೆ ಎತ್ತಲಿಲ್ಲ. ಆರ್ಗನ್ನು ಕೊಟ್ಟಿದ್ದ ಸ್ವರ ಎಲ್ಲರ ಕಿವಿಯಲ್ಲೂ ಆರುತ್ತಾ ಬಂತು, ಇನ್ನು ಸ್ವಲ್ಪ ಹೊತ್ತಿಗೆ ಯಾರಿಗೂ ನೆನಪಿರುವುದಿಲ್ಲ. ಮಾಸ್ಟರ್ ಕೈ ಇಳಿಸಲಿಲ್ಲ.

"ಬಾ ದೊಡ್ಡಮ್ಮ," ಎಂದಳು ಹಂಸ ಇನ್ನೊಮ್ಮೆ.